ಪರೀಕ್ಷ್ಯಾಗ ಡಾರ್ವಿನ್ ಅಂತ ಬರೆದ್ರ ಪಾಪನಿವೇದನೆ ಮಾಡಬೇಕಾ ಟೀಚರ್?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರದ ಕಾಲಂನ್ಯಾಗ ಒಬ್ಬರು ಬರೆದಿದ್ರು, ಬೈಬಲ್ ನಂಬೋರು ಡಾರ್ವಿನ್ನರ ವಿಕಾಸವಾದ ಒಪ್ಪೋದು ಸಾಧ್ಯನೇ ಇಲ್ಲ, ಒಂದು ಹಿಡಿದ್ರ ಇನ್ನೊಂದು ಬಿಡಲೇಬೇಕು ಅಂತ. ಅವರು ಬರೆದಿದ್ದು ಕ್ರೈಸ್ತರು ವಿಜ್ಞಾನ ವಿರೋಧಿಗಳು ಅಂತ ತೋರಿಸ್ಲಾಕ. ಅದೇ ವಾರ ನಮ್ಮ ಪ್ರಾರ್ಥನೆ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂದಿತ್ತು, ಅದ್ರಾಗ ಒಬ್ಬ ಪ್ರಬೋಧಕರು ಜೋರ್ ಜೋರಾಗಿ ಇದೇ ಮಾತು ಹೇಳ್ಲಾಕತ್ತಿದ್ರು, ಭೂಮಿ ಹುಟ್ಟಿ ಆರೇ ಸಾವಿರ ವರ್ಷ ಆಗ್ಯದ, ಡಾರ್ವಿನ್ ಒಪ್ಪಿದವ ದೇವರನ್ನ ಬಿಟ್ಟಂಗೇ ಅಂತ. ಒಬ್ಬರಿಗೆ ದೇವರು ಬ್ಯಾಡ, ಇನ್ನೊಬ್ಬರಿಗೆ ವಿಜ್ಞಾನ ಬ್ಯಾಡ, ಆದ್ರ ಮಾತು ಮಾತ್ರ ಇಬ್ಬರದೂ ಒಂದೇ. ನಡುವ ಸಿಕ್ಕೊಂಡು ನಲುಗೋರು ನಮ್ಮ ಮಕ್ಕಳು, ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗ್ತದ, ದಯವಿಟ್ಟು ಪೂರ್ತಿ ಹಾಕ್ರಿ.

ನಾನು ಕಲಬುರಗಿಯಾಗ ಹೈಸ್ಕೂಲ್ ವಿಜ್ಞಾನ ಟೀಚರ್. ಕಥೋಲಿಕಳು. ಭಾನುವಾರ ಪೂಜೆ ಮುಗಿದ ಮ್ಯಾಲ ಚರ್ಚಿನ ಹಿಂದಿನ ಕೋಣ್ಯಾಗ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸೂ ನಾನೇ ತಗೋತೀನಿ, ಅಂದ್ರ ಶುಕ್ರವಾರ ಕ್ರೋಮೋಸೋಮ್ ಚಿತ್ರ ಬರೆದ ಕೈಲಿಂದಲೇ ಭಾನುವಾರ ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ ವಾಕ್ಯ ಬರೀತೀನಿ. ಈ ವರ್ಷ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಕ್ಲಾಸ್ ಮುಗಿದ ಮ್ಯಾಲ ಒಬ್ಬನೇ ನಿಂತಿದ್ದ, ಎಲ್ಲರೂ ಹೋದ ಮ್ಯಾಲ ಮೆಲ್ಲಗ ಕೇಳ್ದ, "ಟೀಚರ್, ಪರೀಕ್ಷ್ಯಾಗ ಮನುಷ್ಯನ ವಿಕಾಸ ಅಂತ ಬರೀಬೇಕಾಗ್ತದ, ಬರೆದ್ರ ಅದನ್ನ ಪಾಪನಿವೇದನೆ ಒಳಗ ಹೇಳಬೇಕಾ?" ಅಂತ. ಪಾಪನಿವೇದನೆ ಅಂದ್ರ ಫಾದರ್ ಮುಂದ ನಮ್ಮ ಪಾಪ ಒಪ್ಪಿಕೊಳ್ಳೋದು. ನಂಗ ಎದೆಗೆ ಕಲ್ಲು ಬಿದ್ದಂಗ ಆಯ್ತು. ಮಾರ್ಕ್ಸಿಗಾಗಿ ಸುಳ್ಳು ಬರೆಯೋದು ಪಾಪ ಅಂತ ತಿಳಿದ ಒಳ್ಳೆ ಹುಡುಗ ಅವ, ಅವನ ತಲ್ಯಾಗ ಖರೆ ವಿಜ್ಞಾನನೇ ಸುಳ್ಳು ಅಂತ ಯಾರೋ ಕೂಡಿಸಿಬಿಟ್ಟಾರ.

ಮೊದಲು ಧರ್ಮಸಭೆ, ಅಂದ್ರ ನಮ್ಮ ಕಥೋಲಿಕ ಚರ್ಚು, ಏನು ಹೇಳ್ಯದ ಅನ್ನೋದು ನೋಡೋಣ, ಯಾಕಂದ್ರ ಇದು ನನ್ನ ಸ್ವಂತ ಜಾಣತನ ಅಲ್ಲ. ಡಾರ್ವಿನ್ನರ ಪುಸ್ತಕ ಬಂದಿದ್ದು 1859ರಾಗ. ಭೂಮಿ ಸೂರ್ಯನ ಸುತ್ತ ತಿರುಗ್ತದ ಅಂದ ಗೆಲಿಲಿಯೋ ಪುಸ್ತಕನ ನಿಷೇಧದ ಪಟ್ಟಿಗೆ ಹಾಕಿದ ರೋಮ್ ಡಾರ್ವಿನ್ನರ ಆ ಪುಸ್ತಕನ ಆ ಪಟ್ಟಿಗೆ ಎಂದೂ ಹಾಕಲಿಲ್ಲ. 1950ರಾಗ ಹನ್ನೆರಡನೇ ಪಿಯುಸ್ ಪೋಪರು ಹ್ಯೂಮಾನಿ ಜೆನೆರಿಸ್ ಅನ್ನೋ ವಿಶ್ವಪತ್ರದಾಗ ಬರೆದ್ರು, ಮನುಷ್ಯನ ಶರೀರ ಮೊದಲೇ ಇದ್ದ ಜೀವಿಗಳಿಂದ ಬಂದಿರಬಹುದಾ ಅಂತ ಬಲ್ಲವರು ಸಂಶೋಧನೆ ಮಾಡ್ಲಿ, ಚರ್ಚೆ ಮಾಡ್ಲಿ, ತಡೆ ಇಲ್ಲ, ಆದ್ರ ಆತ್ಮ ಮಾತ್ರ ನೇರ ದೇವರಿಂದಲೇ ಬರ್ತದ ಅಂತ. 1996ರ ಅಕ್ಟೋಬರ್ 22ಕ್ಕ ಎರಡನೇ ಜಾನ್ ಪಾಲರು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಗೆ ಕಳಿಸಿದ ಸಂದೇಶದಾಗ ವಿಕಾಸವಾದ ಬರೇ ಊಹೆಗಿಂತ ಹೆಚ್ಚಿನದು ಅಂದ್ರು, ಬ್ಯಾರೆ ಬ್ಯಾರೆ ವಿಜ್ಞಾನದ ಹಾದಿ ಹಿಡಿದವರು ಒಬ್ಬರಿಗೊಬ್ಬರು ಮಾತಾಡ್ಕೊಳ್ಳದೇ ಒಂದೇ ಕಡಿ ಬಂದು ಸೇರ್ಯಾರ, ಅದೇ ದೊಡ್ಡ ಪುರಾವೆ ಅಂದ್ರು. 2014ರಾಗ ಫ್ರಾನ್ಸಿಸ್ ಪೋಪರು ಅದೇ ಅಕಾಡೆಮಿ ಮುಂದ, ದೇವರು ಮಂತ್ರದಂಡ ಹಿಡಿದ ಜಾದೂಗಾರ ಅಲ್ಲ ಅಂದ್ರು. ಮೂರು ಪೋಪರು, ಅರವತ್ತು ವರ್ಷಕ್ಕೂ ಮಿಕ್ಕಿ. ಇಷ್ಟಾದರೂ ನಮ್ಮ ಊರಿನ ಕಥೋಲಿಕ ಹುಡುಗನಿಗೆ ಡಾರ್ವಿನ್ ಅಂದ್ರ ಪಾಪ ಅನಿಸ್ತದ ಅಂದ್ರ ನಾವು ಹೇಳೋರು ಎಲ್ಲೋ ತಪ್ಪೀವಿ.

ಯಾಕ ತಪ್ಪೀವಿ ಅನ್ನೋದೂ ನಂಗ ಗೊತ್ತದ. ನಮ್ಮ ಕಡಿ ಕಥೋಲಿಕರು ಭಾಳ ಕಡಿಮಿ, ಕಲಬುರಗಿ ಅಂತ ಬ್ಯಾರೆ ಧರ್ಮಕ್ಷೇತ್ರ, ಅಂದ್ರ ಒಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶ, ಆಗಿದ್ದೇ 2005ರಾಗ. ಬೀದರ್ ಕಡಿ ನಮ್ಮ ಬೀಗರು ನೆಂಟರು ಬಹಳಷ್ಟು ಮಂದಿ ಮೆಥಡಿಸ್ಟ್ ಅನ್ನೋ ಪ್ರೊಟೆಸ್ಟೆಂಟ್ ಸಭೆಯವರು ಅದಾರ, ಅವರ ವಿಶ್ವಾಸ ನೋಡಿ ನಾನೂ ಭಾಳ ಕಲ್ತೀನಿ. ಆದ್ರ ಎಲ್ಲಾ ಸಭೆ ಮಂದಿಗೂ ಮನಿಗೆ ಬರೋ ವಿಡಿಯೋ ಒಂದೇ, ಎಲ್ಲೋ ದೂರದ ದೇಶದ ವಾದನ ತಂದು ಕನ್ನಡದಾಗ ತೆಲುಗುದಾಗ ಹೇಳ್ತಾರ, ನಮ್ಮ ಮಂದಿ ಅದೇ ಕ್ರೈಸ್ತ ಧರ್ಮದ ತೀರ್ಮಾನ ಅಂದ್ಕೋತಾರ. ಪೂಜ್ಯಾಗ ಹತ್ತು ನಿಮಿಷದ ಪ್ರಬೋಧನೆ ಎಲ್ಲಿ, ದಿನಾ ಮೂರು ತಾಸು ಕೈಯಾಗ ಇರೋ ಮೊಬೈಲ್ ಎಲ್ಲಿ.

ಆರು ದಿನದ ಮಾತಿಗೆ ಬರ್ತೀನಿ. ಆದಿಕಾಂಡದ ಮೊದಲನೇ ಅಧ್ಯಾಯ ತೆಗೆದು ಓದ್ರಿ, ಸೂರ್ಯ ಹುಟ್ಟೋದು ನಾಲ್ಕನೇ ದಿನ. ಸೂರ್ಯನೇ ಇಲ್ದ ಮೂರು ದಿನ, ಮೂರು ಸಂಜೆ, ಮೂರು ಮುಂಜಾನೆ ಹ್ಯಾಂಗ ಆದವು? ಅಲ್ಲಿ ಮೊದಲು ಪ್ರಾಣಿ ಆಮ್ಯಾಲ ಮನುಷ್ಯ, ಆದ್ರ ಎರಡನೇ ಅಧ್ಯಾಯದಾಗ ಮೊದಲು ಮನುಷ್ಯ ಆಮ್ಯಾಲ ಪ್ರಾಣಿ. ಇದನ್ನ ಬರೆದು ಪಕ್ಕಪಕ್ಕ ಇಟ್ಟ ಹಿರೀಕರಿಗೆ ಇದು ಕಾಣಲಿಲ್ಲ ಅಂತೀರಾ? ಕಂಡಿತ್ತು, ಕಂಡೇ ಇಟ್ಟಾರ, ಯಾಕಂದ್ರ ಅವರು ಹೇಳ್ಲಾಕ ಹೊಂಟಿದ್ದು ಟೈಮ್ ಟೇಬಲ್ ಅಲ್ಲ, ಸೂರ್ಯ ಚಂದ್ರ ದೇವರಲ್ಲ ದೇವರ ಕೈಕೆಲಸ, ಇದ್ದದ್ದೆಲ್ಲ ಒಳ್ಳೇದು, ಮನುಷ್ಯ ದೇವರ ಹೋಲಿಕೆ ಅನ್ನೋದು. ಸಂತ ಆಗಸ್ಟೀನರು 1600 ವರ್ಷದ ಹಿಂದೇ ಈ ದಿನಗಳು ನಮ್ಮ 24 ತಾಸಿನ ದಿನ ಇರಲಿಕ್ಕಿಲ್ಲ ಅಂತ ಬರೆದ್ರು, ಆಗ ಡಾರ್ವಿನ್ನೂ ಇಲ್ಲ, ದೂರದರ್ಶಕವೂ ಇಲ್ಲ. ಅವರು ಇನ್ನೊಂದು ಮಾತು ಕಟುವಾಗಿ ಹೇಳ್ಯಾರ, ಕ್ರೈಸ್ತನಾದವ ಬೈಬಲ್ ಹೆಸರಿನ ಮ್ಯಾಲ ಭೂಮಿ ಆಕಾಶದ ಬಗ್ಗೆ ತಿಳೀಲಾರದ ಮಾತು ಹೇಳಿದ್ರ, ಅದು ಗೊತ್ತಿದ್ದ ಪರಧರ್ಮದ ಮನುಷ್ಯ ಕೇಳಿ ನಗ್ತಾನ, ಆಮ್ಯಾಲ ಪುನರುತ್ಥಾನದ ಮಾತು ಹೇಳಿದ್ರ ಅವ ಹ್ಯಾಂಗ ನಂಬ್ತಾನ ಅಂತ. ಈ ಮಾತನ್ನ ನಾನು ಪ್ರತಿ ವರ್ಷ ಮೊದಲನೇ ಕ್ಲಾಸಿನ್ಯಾಗ ಹೇಳ್ತೀನಿ.

"ಹಂಗಾದ್ರ ದೇವರು ಮಾಡಿದ್ದಾ, ತಾನೇ ಆಗಿದ್ದಾ?" ಅಂತ ಮಕ್ಕಳು ಕೇಳ್ತಾರ. ನಾನು ಬೀದರಿನ ಬಿದ್ರಿ ಹೂಜಿ ತೋರಿಸ್ತೀನಿ, ನಮ್ಮ ಅತ್ತಿ ಮನಿದು. ಇದು ಯಾಕ ಕಪ್ಪಗ ಅದ? ಸತುವು ತಾಮ್ರ ಕೂಡಿಸಿ ಎರಕ ಹೊಯ್ದು, ಬೀದರ್ ಕೋಟೆ ಮಣ್ಣಿಗೆ ನವಸಾಗರ ಹಾಕಿ ಬಿಸಿ ಮಾಡಿ ತಿಕ್ಕಿದ್ರ ಆ ಲೋಹ ಕಪ್ಪಾಗ್ತದ, ಬೆಳ್ಳಿ ಮಾತ್ರ ಬೆಳ್ಳಗೇ ಉಳೀತದ, ಇದು ಒಂದು ಉತ್ತರ. ಬೆಳ್ಳಿ ಹೂವಿನ ಬಳ್ಳಿ ಎದ್ದು ಕಾಣಲಿ ಅಂತ ಉಸ್ತಾದ್ ಅದನ್ನ ಕಪ್ಪು ಮಾಡ್ಯಾನ, ಇದು ಇನ್ನೊಂದು ಉತ್ತರ. ಎರಡರಾಗ ಯಾವುದು ಖರೆ ಅಂತ ಯಾರಾದ್ರೂ ಜಗಳ ಆಡ್ತಾರಾ? ಕೆಮಿಸ್ಟ್ರಿ ಪೂರ್ತಿ ತಿಳಿದ್ರೂ ಉಸ್ತಾದ್ ಇಲ್ಲ ಅಂತ ಆಗಲ್ಲ, ಉಸ್ತಾದನ ಹೆಸರು ಹೇಳಿದ್ರ ಕೆಮಿಸ್ಟ್ರಿ ಕಲಿಯೋದು ತಪ್ಪಲ್ಲ. ಸಂತ ಥಾಮಸ್ ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದ ಹೋಗಿದ್ರು, ಹಡಗು ಕಟ್ಟೋನು ಕಟ್ಟಿಗೆಗಳಿಗೇ ತಾವಾಗಿ ಕೂಡಿ ಹಡಗು ಆಗೋ ಶಕ್ತಿ ಕೊಟ್ಟಂಗ ಪ್ರಕೃತಿ ಅದ ಅಂತ 13ನೇ ಶತಮಾನದಾಗೇ ಬರೆದ್ರು. ಕಟ್ಟೋದಕ್ಕಿಂತ ತಾನೇ ಕಟ್ಟಿಕೊಳ್ಳೋ ಶಕ್ತಿ ಕೊಡೋದು ದೊಡ್ಡ ಕೆಲಸ ಅಲ್ಲೇನ್ರಿ.

ವಿಕಾಸ ಅಂದ್ರ ಬರೇ ಕೋತಿ ಮಾತು ಅಂತ ತಿಳಿದವರು ಒಮ್ಮೆ ನಮ್ಮ ತೊಗರಿ ಹೊಲಕ್ಕ ಬರಲಿ. ಕಾಯಿಕೊರಕ ಹುಳಕ್ಕ ಮೊದಲು ಒಂದು ಎಣ್ಣಿ ಹೊಡೆದ್ರ ಸಾಕಿತ್ತು, ಈಗ ಅದೇ ಎಣ್ಣಿ ಹೊಡೆದ್ರ ಹುಳ ಸಾಯಲ್ಲ ಅಂತ ನಮ್ಮಪ್ಪ ತಲಿ ಮ್ಯಾಲ ಕೈ ಹೊತ್ತು ಕೂಡ್ತಿದ್ದ. ಸಾವಿರ ಹುಳದಾಗ ನಾಲ್ಕಕ್ಕ ಆ ವಿಷ ತಡ್ಕೊಳ್ಳೋ ಗುಣ ಇತ್ತು, ಬಾಕಿದ್ದವು ಸತ್ತವು, ಆ ನಾಲ್ಕೇ ಮರಿ ಮಾಡಿದವು, ಮುಂದಿನ ಹಂಗಾಮಿಗೆ ಹೊಲ ತುಂಬ ಅವೇ. ಡಾರ್ವಿನ್ ಹೇಳಿದ್ದು ಇದೇ ನೋಡ್ರಿ, ನಮ್ಮ ರೈತರು ಹೆಸರು ಹೇಳ್ದೇ ದಿನಾ ನೋಡ್ತಾರ. ಇನ್ನ ನೆಟೆ ರೋಗ ತಡ್ಕೊಳ್ಳೋ ತೊಗರಿ ತಳಿ ಬರ್ತದಲ್ಲ, ಆ ತಳಿ ಮಾಡೋ ವಿದ್ಯೆಗೆ ತಳಪಾಯ ಹಾಕಿದವರು ಯಾರು ಗೊತ್ತೇನು? ಗ್ರೆಗರ್ ಮೆಂಡೆಲ್, ಆಗಸ್ಟೀನ್ ಸಭೆಯ ಸನ್ಯಾಸಿ. ಬ್ರನೋ ಊರಿನ ಮಠದ ತೋಟದಾಗ 1856ರಿಂದ ಎಂಟು ವರ್ಷ ಸುಮಾರು 28,000 ಬಟಾಣಿ ಗಿಡ ಬೆಳೆಸಿ, ಒಂದೊಂದು ಕಾಳು ಎಣಿಸಿ, ಗುಣಗಳು ತಂದಿ ತಾಯಿಯಿಂದ ಮಕ್ಕಳಿಗೆ ಹ್ಯಾಂಗ ದಾಟ್ತವ ಅನ್ನೋದರ ಲೆಕ್ಕ ಹಿಡಿದ್ರು. ಡಾರ್ವಿನ್ನರಿಗೆ ಗೊತ್ತಿಲ್ದೇ ಉಳಿದಿದ್ದ ಭಾಗ ಅದೇ. 1866ರಾಗ ಅಚ್ಚಾಯ್ತು, ಲಕ್ಷ್ಯ ಕೊಟ್ಟವರು ಕಡಿಮಿ, ಮೆಂಡೆಲ್ 1884ರಾಗ ತೀರಿಕೊಂಡ್ರು, 1900ರಾಗ ಜಗತ್ತಿಗೆ ಗೊತ್ತಾಯ್ತು. ಇವತ್ತಿನ ವಿಕಾಸವಾದ ನಿಂತಿರೋದು ಎರಡು ಕಾಲಿನ ಮ್ಯಾಲ, ಒಂದು ಡಾರ್ವಿನ್, ಇನ್ನೊಂದು ದಿನಾ ಪೂಜೆ ಮಾಡ್ತಿದ್ದ ಈ ಸ್ವಾಮಿ. ನಮ್ಮ ಮಕ್ಕಳಿಗೆ ಇದನ್ನ ಯಾರೂ ಹೇಳಲ್ಲ!

ಹೋದ ವರ್ಷ ನಾನು ಮಕ್ಕಳನ್ನ ಯಾದಗಿರಿ ಜಿಲ್ಲೆಯ ಹುಣಸಗಿ ಕಡಿ ಕರ್ಕೊಂಡು ಹೋಗಿದ್ದೆ. ಸುರಪುರ ದಾಟಿ ಹೋದ್ರ ಇಸಾಂಪುರ ಅಂತ ಒಂದು ಸಣ್ಣ ಊರು ಅದ, ನಮ್ಮ ಜಿಲ್ಲೆಯೋರಿಗೇ ಗೊತ್ತಿಲ್ಲ, ಆದ್ರ ಜಗತ್ತಿನ ಪುರಾತತ್ವದೋರಿಗೆಲ್ಲ ಗೊತ್ತದ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯ ಅವರು ಈ ಹುಣಸಗಿ ಬೈಚಬಾಳ ಕಣಿವೆಗಳೊಳಗ ವರ್ಷಗಟ್ಟಲೆ ತಿರುಗಿ, ಇಸಾಂಪುರದಾಗ ಅಗೆದು, ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೈಗೊಡಲಿ ಮಾಡ್ತಿದ್ದ ಒಂದು ಕಾರ್ಖಾನೆನೇ ಹೊರಗ ತೆಗೆದ್ರು. ಅಲ್ಲಿ ಸಿಕ್ಕ ದನದ ಜಾತಿ ಪ್ರಾಣಿಯ ಹಲ್ಲಿನ ಮ್ಯಾಲ ಕಾಲ ಅಳೆದಾಗ ಬಂದಿದ್ದು ಸುಮಾರು 12 ಲಕ್ಷ ವರ್ಷ. ನಮ್ಮ ಜಾತಿ, ಅಂದ್ರ ಹೋಮೋ ಸೇಪಿಯನ್ಸ್, ಹುಟ್ಟಿದ್ದೇ ಸುಮಾರು 3 ಲಕ್ಷ ವರ್ಷದ ಹಿಂದ ಆಫ್ರಿಕಾದಾಗ. ಅಂದ್ರ ನಮಗಿಂತ ಮೊದಲು, ನಾವಲ್ಲದ ಯಾರೋ, ನಮ್ಮ ಯಾದಗಿರಿ ಹೊಲದಾಗ ಕುಂತು, ಕಲ್ಲಿನ ಯಾವ ಅಂಚಿಗೆ ಹೊಡೆದ್ರ ಹ್ಯಾಂಗ ಒಡೀತದ ಅಂತ ಮೊದಲೇ ಮನಸಿನ್ಯಾಗ ನೋಡ್ಕೊಂಡು ಹೊಡೀತಿದ್ರು.

ಬಿಸಿಲು ಭಾಳ ಇತ್ತು. ಯಾವ ಕಲ್ಲೂ ಎತ್ಕೋಬಾರ್ದು, ಜಾಗ ಬದಲಿ ಮಾಡಬಾರ್ದು ಅಂತ ಮೊದಲೇ ಹೇಳಿದ್ದೆ, ಮಕ್ಕಳು ಬಗ್ಗಿ ಬಗ್ಗಿ ನೋಡ್ತಿದ್ರು. ಒಬ್ಬಾಕಿ ಹುಡುಗಿ ಒಂದು ಚೂಪು ಕಲ್ಲಿನ ಬಾಜುಕ ತನ್ನ ಕೈ ಹಿಡಿದು ಅಳತಿ ನೋಡಿ, "ಟೀಚರ್, ಇವರಿಗೂ ದೇವರು ಗೊತ್ತಿದ್ನಾ?" ಅಂದಳು. ಸುತ್ತ ಎಲ್ಲರೂ ಸುಮ್ನಾದ್ರು. ಶರೀರದ ಕತಿ ಕಲ್ಲು, ಎಲುಬು, ಜೀನ್ ಹೇಳ್ತವ, ಆದ್ರ ಮೊದಲನೇ ಸಲ ಯಾರೋ ಒಬ್ಬ ಆಕಾಶ ನೋಡಿ ಯಾರು ಮಾಡಿದ್ದು ಇದು ಅಂತ ಕೇಳಿದ ಗಳಿಗಿ, ಅದು ಕಲ್ಲಿನ್ಯಾಗ ಉಳಿಯಲ್ಲ. ಆ ಗಳಿಗಿಯೊಳಗ ದೇವರೇ ನೇರ ಕೈ ಹಾಕ್ಯಾನ ಅಂತ ನಮ್ಮ ವಿಶ್ವಾಸ, ಯಾವ ತಾರೀಖು ಯಾವ ಊರು ಅಂತ ಧರ್ಮಸಭೆ ಎಂದೂ ಹೇಳಿಲ್ಲ. ಆಕಿಗೆ ನಾನು ಇಷ್ಟೇ ಅಂದೆ, ಅವರಿಗೆ ದೇವರು ಗೊತ್ತಿದ್ನೋ ಇಲ್ವೋ, ದೇವರಿಗೆ ಅವರು ಗೊತ್ತಿದ್ರು.

ಕಷ್ಟದ ಪ್ರಶ್ನೆ ಮುಚ್ಚಿಡೋದು ನಂಗ ಸರಿ ಅನಿಸಲ್ಲ, ಮುಚ್ಚಿಟ್ಟದ್ದಕ್ಕೇ ಮಕ್ಕಳು ಕಾಲೇಜಿಗೆ ಹೋದ ಮ್ಯಾಲ ಚರ್ಚು ಬಿಡ್ತಾರ. ಒಂದು, ಆದಾಮ ಏವ. ಇವತ್ತಿನ ಮನುಷ್ಯರ ಜೀನ್‌ಗಳ ವೈವಿಧ್ಯ ನೋಡಿದ್ರ ನಮ್ಮ ಪೂರ್ವಜರ ಗುಂಪು ಬರೇ ಇಬ್ಬರಿಗೆ ಇಳಿದಿತ್ತು ಅಂತ ಕಾಣಲ್ಲ, ಸಾವಿರಾರು ಮಂದಿಯ ಗುಂಪು ಅದು. ಪಿಯುಸ್ ಪೋಪರು 1950ರ ಅದೇ ಪತ್ರದಾಗ, ಒಬ್ಬ ಆದಾಮನ ಬದಲು ಬಹಳ ಮಂದಿ ಮೂಲಪುರುಷರು ಅನ್ನೋದು ಜನ್ಮಪಾಪದ ಬೋಧನೆಗೆ ಹ್ಯಾಂಗ ಹೊಂದ್ತದ ಅಂತ ಕಾಣಂಗಿಲ್ಲ ಅಂದಿದ್ರು. ಹೊಂದ್ಲಾಕ ಸಾಧ್ಯನೇ ಇಲ್ಲ ಅನ್ನಲಿಲ್ಲ, ಕಾಣಂಗಿಲ್ಲ ಅಂದ್ರು, ಅವತ್ತಿನಿಂದ ಇವತ್ತಿನ ತನ ದೈವಶಾಸ್ತ್ರಜ್ಞರು ಇದರ ಮ್ಯಾಲ ದುಡೀಲಾಕತ್ತಾರ. ನಂಗ ತಿಳಿದಷ್ಟು ಹೇಳ್ತೀನಿ, ಒಳ್ಳೇದು ಯಾವುದು ಅಂತ ಗೊತ್ತಿದ್ದೂ ಕೆಟ್ಟದ್ದರ ಕಡಿ ವಾಲೋ ಒಂದು ಗಾಯ ಪ್ರತಿ ಮನುಷ್ಯನಾಗೂ ಅದ, ಅದನ್ನ ಹೊತ್ತುಕೊಂಡೇ ಹುಟ್ಟೀವಿ, ಅದಕ್ಕ ಕ್ರಿಸ್ತ ಬೇಕು. ಈ ಮಾತಿಗೆ ಯಾವ ಜೀನ್ ರಿಪೋರ್ಟೂ ಅಡ್ಡ ಬರಲ್ಲ, ನನ್ನನ್ನ ನಾನು ನೋಡ್ಕೊಂಡ್ರೇ ಸಾಕು.

ಎರಡನೇದು ಇನ್ನೂ ಆಳ. ವಿಕಾಸ ಅಂದ್ರ ಕೋಟಿ ಕೋಟಿ ವರ್ಷದ ಸಾವು. ಹುಟ್ಟಿದ್ದರಾಗ ಹೆಚ್ಚಿನವು ಸಾಯ್ತವ, ಉಳಿದವು ಮುಂದ ಹೋಗ್ತವ. ಒಳ್ಳೆ ದೇವರು ಹಿಂಗ ಯಾಕ ಮಾಡಿದ? ನಮ್ಮವ್ವ ಕ್ಯಾನ್ಸರ್ ಆಗಿ ಹೋದಳು. ಕಡೀ ತಿಂಗಳದಾಗ ಒಂದು ಪ್ರಾರ್ಥನೆ ಕೂಟದೋರು ಮನಿಗೆ ಬಂದು, ಅವ್ವನ ಮಂಚದ ಬಾಜುಕೇ ನಿಂತು, ವಿಶ್ವಾಸ ಕಡಿಮಿ ಅದ, ಯಾವುದೋ ಒಂದು ಪಾಪ ಒಪ್ಪಿಕೊಂಡಿಲ್ಲ, ಅದಕ್ಕೇ ವಾಸಿ ಆಗ್ತಿಲ್ಲ ಅಂದ್ರು. ಅವ್ವ ಆ ದಿನ ಗೋಡಿ ಕಡಿ ತಿರುಗಿ ಮಲಗಿದ್ದು ನಂಗ ಇನ್ನೂ ಕಣ್ಣಿಗೆ ಕಟ್ಟಿದಂಗದ. ದಿನಾ ಜಪಮಾಲೆ ಹೇಳ್ತಿದ್ದಾಕಿ, ಹೊಲದ ಕೆಲಸಕ್ಕ ಬಂದವರಿಗೆ ಊಟ ಹಾಕದೇ ತಾನು ಉಂಡಾಕಿ ಅಲ್ಲ, ಯಾವ ಪಾಪ ನೆನಪು ಮಾಡ್ಕೋಬೇಕಿತ್ತು ಆಕಿ?

ಅವತ್ತು ನಂಗ ಸಮಾಧಾನ ಕೊಟ್ಟಿದ್ದು ನಾನು ಕಲ್ತ ಬಯಾಲಜಿ. ನಮ್ಮ ಜೀನೋಮ್, ಅಂದ್ರ ಜೀವಕೋಶದೊಳಗಿನ ಪೂರ್ತಿ ಡಿಎನ್ಎ ಬರಹ, ಸುಮಾರು 300 ಕೋಟಿ ಅಕ್ಷರ, ಜೀವಕೋಶ ಒಡೆಯೋವಾಗ ಪ್ರತಿ ಸಲ ಪೂರ್ತಿ ನಕಲು ಆಗ್ಬೇಕು, ನಡುನಡುವ ಒಂದೊಂದು ಅಕ್ಷರ ತಪ್ತದ. ಆ ತಪ್ಪೇ ಇಲ್ದಿದ್ರ ಎಲ್ಲಾ ಜೀವಿ ಇದ್ದಂಗೇ ಇರ್ತಿದ್ವು, ಹೂವಿಗೆ ಹೊಸ ಬಣ್ಣ ಬರ್ತಿರಲಿಲ್ಲ, ನಾವೂ ಬರ್ತಿರಲಿಲ್ಲ. ಅದೇ ತಪ್ಪು ಆಕಿ ಎದ್ಯಾಗ ಗಂಟಾಯ್ತು. ದೇವರು ಆಕಿ ಮ್ಯಾಲ ಗುರಿ ಇಟ್ಟು ಹೊಡೆದದ್ದಲ್ಲ. ಯಾರ ಶಿಕ್ಷೆನೂ ಅಲ್ಲ. ಇದು ಪೂರ್ತಿ ಉತ್ತರ ಅಂತ ನಾನು ಹೇಳಲ್ಲ, ಯಾಕ ಹಿಂಗ ಒಂದು ಲೋಕ ಅನ್ನೋ ಪ್ರಶ್ನೆ ನನ್ನ ಪ್ರಾರ್ಥನ್ಯಾಗ ಇವತ್ತಿಗೂ ಅದ. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ 8ನೇ ಅಧ್ಯಾಯದಾಗ ಇಡೀ ಸೃಷ್ಟಿ ಹೆರಿಗೆ ನೋವು ತಿಂತಾ ನರಳ್ಲಾಕತ್ತದ ಅಂತಾರ, ಮುಗಿದು ಹೋದ ಸೃಷ್ಟಿ ಅಲ್ಲ ಅದು, ಇನ್ನೂ ಹೆರ್ಲಾಕತ್ತಿದ ಸೃಷ್ಟಿ. ಆ ನೋವಿನ ಹೊರಗ ನಿಂತು ನೋಡೋ ದೇವರಾಗಿದ್ರ ನಾನೂ ನಂಬ್ತಿರಲಿಲ್ಲ, ಶಿಲುಬೆ ಮ್ಯಾಲ ಅವನೇ ಬಂದು ನೋವು ಉಂಡಾನ ಅಂತಲೇ ನಂಬೀನಿ.

ನಮ್ಮವರಿಗೂ ಒಂದು ಮಾತು. ಬಿಗ್ ಬ್ಯಾಂಗ್ ಬೈಬಲ್ಲನ್ನ ಸಾಬೀತು ಮಾಡ್ತು ಅಂತ ಮೆಸೇಜ್ ಫಾರ್ವರ್ಡ್ ಮಾಡ್ತಾರಲ್ಲ, ಅದೂ ಬ್ಯಾಡ. ವಿಶ್ವ ಹಿಗ್ಗಲಾಕತ್ತದ ಅಂತ 1927ರಾಗ ಲೆಕ್ಕ ಮಾಡಿ, 1931ರಾಗ ಎಲ್ಲಾ ಒಂದು ಆದಿ ಅಣುವಿನಿಂದ ಶುರುವಾಯ್ತು ಅಂದವರು ಬೆಲ್ಜಿಯಂ ದೇಶದ ಕಥೋಲಿಕ ಧರ್ಮಗುರು, ಫಾದರ್ ಜಾರ್ಜ್ ಲೆಮೈತ್ರ್. 1951ರಾಗ ಪಿಯುಸ್ ಪೋಪರು ಈ ವಿಜ್ಞಾನ ಸೃಷ್ಟಿಗೆ ಸಾಕ್ಷಿ ಆಗ್ಯದ ಅನ್ನೋ ಧಾಟಿಯಾಗ ಭಾಷಣ ಮಾಡಿದಾಗ ಖುಷಿ ಪಡಬೇಕಿತ್ತಲ್ಲ ಲೆಮೈತ್ರ್, ಪಡಲಿಲ್ಲ. ನನ್ನ ಸಿದ್ಧಾಂತ ಧರ್ಮದ ಪ್ರಶ್ನೆಯ ಹೊರಗಿಂದು, ದೇವರನ್ನ ನಂಬೋನೂ ನಂಬದವನೂ ಅದನ್ನ ಅಷ್ಟೇ ಸಲೀಸಾಗಿ ಒಪ್ಪಬಹುದು ಅನ್ನೋದು ಅವರ ನಿಲುವು. ನಾಳೆ ವಿಜ್ಞಾನ ಬದಲಾದ್ರ ಅದಕ್ಕ ಕಟ್ಟಿದ ವಿಶ್ವಾಸನೂ ಬೀಳ್ತದ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೆಲಿಲಿಯೋಗೆ 1633ರಾಗ ಶಿಕ್ಷೆ ಕೊಟ್ಟದ್ದು ಧರ್ಮಸಭೆಯ ನ್ಯಾಯಾಧೀಶರ ತಪ್ಪು ಅಂತ 1992ರಾಗ ಜಾನ್ ಪಾಲರು ಒಪ್ಪಿಕೊಂಡ್ರು, 359 ವರ್ಷ ಹಿಡೀತು. ಇನ್ನೊಂದು ಸಲ ಹಂಗ ಆಗೋದು ಬ್ಯಾಡ.

ಶಾಲೆಗಳ ವಿಷಯ. ನಾನು ಮೊದಲು ಕೆಲಸ ಮಾಡ್ತಿದ್ದ ಒಂದು ಶಾಲ್ಯಾಗ ಈ ಪಾಠ ಬಂದಾಗ, "ಪರೀಕ್ಷೆಗೆ ಎರಡು ಮಾರ್ಕ್ಸ್ ಅಷ್ಟೇ, ಪಾಲಕರು ಗಲಾಟೆ ಮಾಡ್ತಾರ, ಓದ್ಕೊಳ್ಳಿ ಅಂತ ಹೇಳಿ ಮುಂದ ಹೋಗ್ರಿ" ಅಂತ ಮ್ಯಾಲಿನವರು ಹೇಳಿದ್ರು. ಪಾಲಕರೊಳಗ ಎಲ್ಲಾ ಧರ್ಮದೋರೂ ಇದ್ರು ಮತ್ತ, ನಮ್ಮವರಷ್ಟೇ ಅಲ್ಲ. ನಾನು ಪಾಠ ಮಾಡಿದೆ, ಮುಂದಿನ ವರ್ಷ ನಂಗ ಒಂಬತ್ತು ಹತ್ತನೇ ಕ್ಲಾಸ್ ಕೊಡಲಿಲ್ಲ. 2023ರಾಗ ಎನ್‌ಸಿಇಆರ್‌ಟಿ ಹತ್ತನೇ ಕ್ಲಾಸಿನ ಪುಸ್ತಕದಿಂದ ವಿಕಾಸದ ಭಾಗ ತೆಗೆದಾಗ 1,800ಕ್ಕೂ ಮಿಕ್ಕಿ ವಿಜ್ಞಾನಿಗಳು, ಶಿಕ್ಷಕರು ವಿರೋಧ ಮಾಡಿ ಪತ್ರಕ್ಕ ಸಹಿ ಹಾಕಿದ್ರು, ಒಬ್ಬ ಕಥೋಲಿಕ ಟೀಚರ್ ಆಗಿ ನಾನು ಅವರ ಕಡಿ. ಹತ್ತನೇ ಕ್ಲಾಸ್ ಆದ ಮ್ಯಾಲ ಬಯಾಲಜಿ ತಗೊಳ್ಳೋ ಮಕ್ಕಳು ಎಷ್ಟು ಮಂದಿ? ಬಾಕಿ ಮಕ್ಕಳು ಕಾಯಿಕೊರಕ ಯಾಕ ಸಾಯಲ್ಲ ಅಂತ ತಿಳೀಲಾರದೇ ಹೊಲಕ್ಕ ಹೋಗ್ಬೇಕಾ.

ನನ್ನ ಬೇಡಿಕೆ ದೊಡ್ಡದಿಲ್ಲ. ನಮ್ಮ ಫಾದರ್‌ಗಳು ಸಿಸ್ಟರ್‌ಗಳು ವರ್ಷದಾಗ ಒಂದು ಭಾನುವಾರ ಆದ್ರೂ ಈ ಮಾತು ಪೂಜೆ ಒಳಗೇ ಹೇಳಲಿ, ಅವರು ಸೆಮಿನರಿಯಾಗ ಇದನ್ನೆಲ್ಲ ಓದೇ ಬಂದಾರ, ಮಂದಿ ಬ್ಯಾಸರ ಮಾಡ್ಕೋತಾರ ಅಂತ ಹೇಳಲ್ಲ ಅಷ್ಟೇ. ಮಂದಿಗೆ ಅಷ್ಟು ಶಕ್ತಿ ಅದ, ಹೇಳ್ರಿ. ಪತ್ರಿಕೆಯವರು ಈ ವಿಷಯ ಹಾಕೋವಾಗ ಡಾರ್ವಿನ್ ಒಂದು ಕಡಿ ಬೈಬಲ್ ಒಂದು ಕಡಿ ನಿಲ್ಲಿಸಿ ಕುಸ್ತಿ ಮಾಡಿಸಬ್ಯಾಡ್ರಿ. ಹೋದ ವಾರ ಪತ್ರ ಬರೆದವರಿಗೆ ನನ್ನ ಮ್ಯಾಲ ಸಿಟ್ಟಿಲ್ಲ ಅಂದ್ಕೋತೀನಿ, ನಂಗಂತೂ ಇಲ್ಲ, ಅವರು ವಿಜ್ಞಾನದ ಮ್ಯಾಲಿನ ಪ್ರೀತಿಗೆ ಬರೆದಾರ.

ಆ ಹುಡುಗನಿಗೆ ನಾನು ಅವತ್ತು, ಪಾಪನಿವೇದನೆ ಬ್ಯಾಡ, ಕೈಬರಹ ಮಾತ್ರ ಚಂದ ಇರಲಿ ಅಂದೆ. ಅವ ನಕ್ಕು ಹೋದ, ಆದ್ರ ಪೂರ್ತಿ ನಂಬಿದಂಗ ಕಾಣಲಿಲ್ಲ. ದಸರಾ ರಜೆಗೆ ಮತ್ತ ಇಸಾಂಪುರಕ್ಕ ಹೊಂಟೀವಿ, ಈ ಸಲ ಧರ್ಮೋಪದೇಶದ ಮಕ್ಕಳ ಜೊತಿ ನಮ್ಮ ಫಾದರೂ ಬರ್ತೀನಿ ಅಂದಾರ. ಅವನ ಹೆಸರು ಮೊದಲು ಬರ್ಕೊಂಡೀನಿ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ
ಕಲಬುರಗಿ